ಮೊಝಿಲ್ಲಾ ಗೋತ್ರದವರು

ನಮ್ಮ ಭಾವನವರ ಕಂಪ್ಯೂಟರಿನಲ್ಲಿ ಇಂಟರ್ನೆಟ್ಟು ಇದ್ದದ್ದು ಎಡಗಡೆ ಮೇಲಿನ ಮೂಲೆಯಲ್ಲಿ, ರೀಸೈಕಲ್ ಬಿನ್ನಿನ ಕೆಳಗೆ. ನೀಲಿ ಬಣ್ಣದ ಇಂಗ್ಲಿಷ್ ‘ಇ’, ಅದರ ಸುತ್ತ ಒಂದು ಹಳದಿ ಬಳೆ. ಊರವರೆಲ್ಲ ಅದನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್ ಎನ್ನುತ್ತಿದ್ದ ಕಾಲದಲ್ಲೂ ಭಾವ ಆ ಎರಡನೆಯ ಪದಕ್ಕೆ ಸೊಪ್ಪು ಹಾಕಿದವರಲ್ಲ. ‘ಇಂಟರ್ನೆಟ್ಟು ಸ್ಲೋ ಇದೆ’, ‘ಇಂಟರ್ನೆಟ್ಟು ಹ್ಯಾಂಗ್ ಆಯ್ತು’. ಒಮ್ಮೆಯಂತೂ ಫೋನ್ ಮಾಡಿ, ಗಾಬರಿಯ ದನಿಯಲ್ಲಿ, ‘ಯಾರೋ ಇಂಟರ್ನೆಟ್ ಡಿಲೀಟ್ ಮಾಡ್ಬಿಟ್ಟಿದಾರೆ ಕಣಯ್ಯಾ!’ ಹೋಗಿ ನೋಡಿದರೆ ಅವರ ಮಗಳು ಆ ಐಕಾನನ್ನು ಎಳೆದು, ವಾಲ್‌ಪೇಪರಿನ ಗಣಪತಿಯ ಹೊಟ್ಟೆಯ ಮೇಲೆ ಕೂರಿಸಿದ್ದಳು.

ನಾವು ನಕ್ಕೆವು. ಆದರೆ ಅಮೆರಿಕದ ಕೋರ್ಟಿನಲ್ಲಿ ಹೆಚ್ಚುಕಡಿಮೆ ಇದೇ ಮಾತನ್ನು ದೊಡ್ಡ ದೊಡ್ಡ ವಕೀಲರು ಆಡಿದ್ದಾರೆ. ವಿಂಡೋಸಿಗೆ ಬ್ರೌಸರನ್ನು ಗಂಟು ಹಾಕಿ ಕೊಟ್ಟು ಎದುರಾಳಿ ಬ್ರೌಸರ್ ನೆಟ್‌ಸ್ಕೇಪಿನವರ ಹೊಟ್ಟೆ ಮೇಲೆ ಹೊಡೆದಿದ್ದಾರೆ ಎಂದು 1998ರಲ್ಲಿ ಅಲ್ಲಿನ ಸರ್ಕಾರ ಮೈಕ್ರೋಸಾಫ್ಟ್ ಮೇಲೆ ಕೇಸು ಹಾಕಿದಾಗ, ಕಂಪನಿಯ ವಾದ ಏನಿತ್ತು ಗೊತ್ತೆ? ವಿಂಡೋಸ್ ಬೇರೆಯಲ್ಲ, ಎಕ್ಸ್‌ಪ್ಲೋರರ್ ಬೇರೆಯಲ್ಲ, ಎರಡನ್ನೂ ಬಿಡಿಸಲು ಬರುವುದಿಲ್ಲ ಎಂದು. ಕಂಪ್ಯೂಟರಿನ ವಿಷಯದಲ್ಲಿ ಭಾವನದೂ ಬಿಲ್ ಗೇಟ್ಸರದೂ ಒಂದೇ ಸಿದ್ಧಾಂತ. ಭಾವನಿಗೆ ವಕೀಲರ ಫೀಸು ಉಳಿಯಿತು, ಅಷ್ಟೇ ವ್ಯತ್ಯಾಸ.

ಭಾವ ಕ್ಲಾಸ್ ಒನ್ ಕಂಟ್ರಾಕ್ಟರು. ರಸ್ತೆ, ಚರಂಡಿ, ಶಾಲೆಯ ಕಾಂಪೌಂಡು. ಹೊಸದಕ್ಕೆ ಹೆದರುವ ಪೈಕಿ ಅಲ್ಲ. ಹೊಳೆ ಮರಳು ಹೋಗಿ ಎಂ-ಸ್ಯಾಂಡ್ ಬಂದಾಗ ಸುತ್ತಮುತ್ತಲಿನವರೆಲ್ಲ ಮೂಗು ಮುರಿಯುತ್ತಿದ್ದರೆ ಇವರು ಆಗಲೇ ಲೋಡು ಇಳಿಸಿಕೊಂಡಿದ್ದರು. ಮೊಬೈಲನ್ನಂತೂ ದಸರಾಕ್ಕೊಂದು ಬದಲಾಯಿಸುತ್ತಾರೆ. ಅಂಥವರಿಗೆ ‘ಭಾವ, ಬ್ರೌಸರ್ ಬದಲಾಯಿಸಿ’ ಅಂದರೆ ಮಾತ್ರ, ಮನೆದೇವರನ್ನೇ ಬದಲಾಯಿಸಿ ಅಂದ ಹಾಗೆ ಮುಖ ಮಾಡುತ್ತಿದ್ದರು.

2015ರ ಜುಲೈನಲ್ಲಿ ವಿಂಡೋಸ್ 10 ಬಂತು, ಅದರ ಜೊತೆ ಎಡ್ಜ್ ಬಂತು. ಎಕ್ಸ್‌ಪ್ಲೋರರಿನ ಉತ್ತರಾಧಿಕಾರಿ ಇವನೇ ಎಂದು ಮೈಕ್ರೋಸಾಫ್ಟಿನವರು ಡಂಗುರ ಹೊಡೆದರು. ಐಕಾನೂ ನೀಲಿ, ಅದೂ ‘ಇ’. ಬಳೆ ಮಾತ್ರ ಇಲ್ಲ. ಭಾವ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು.

‘ಇವೆರಡೂ ಯಾಕೆ?’

‘ಇದು ಹೊಸದು ಭಾವ. ಫಾಸ್ಟ್ ಇರುತ್ತೆ, ಸೇಫು.’

‘ಸರಿ. ಇದರಲ್ಲಿ ನನ್ನ ಟೆಂಡರ್ ತೆಗಿ.’

ತೆಗೆದೆ. ಎಡ್ಜ್ ಒಂದು ಕ್ಷಣ ಯೋಚಿಸಿ, ಬಹಳ ವಿನಯದಿಂದ, ಈ ವೆಬ್‌ಸೈಟಿಗೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬೇಕು ಎಂದು ಹೇಳಿ, ಅದನ್ನು ತೆರೆಯಲು ಲಿಂಕನ್ನೂ ತಾನೇ ಕೊಟ್ಟಿತು. ಭಾವ ಕುರ್ಚಿಗೆ ಒರಗಿ ನಕ್ಕ ನಗೆ ಅಡುಗೆಮನೆಯಲ್ಲಿದ್ದ ಅಕ್ಕನಿಗೂ ಕೇಳಿಸಿತು. ‘ಹೊಸಬನೇ ಹೇಳ್ತಿದಾನಲ್ಲಯ್ಯಾ, ಹಳಬನ ಹತ್ತಿರ ಹೋಗಿ ಅಂತ! ನಡುವೆ ನೀನ್ಯಾರು?’

ಇದಕ್ಕೆ ನಾನೇನು ಹೇಳಲಿ? ಭಾವನ ಹಠಕ್ಕೆ ಮೂಲ ಭಾವ ಅಲ್ಲ, ಅವರ ಡಿಎಸ್‌ಸಿ. ಡಿಜಿಟಲ್ ಸಹಿ ಇರುವ ಆ ಯುಎಸ್‌ಬಿ ಟೋಕನ್ನು, ಬೆರಳಿನ ಗಾತ್ರದ್ದು, ಬೀಗದ ಕೈ ಗೊಂಚಲಲ್ಲಿ ನೇತಾಡುತ್ತಿರುತ್ತದೆ. ಟೆಂಡರ್ ಹಾಕಬೇಕಾದರೆ ವೆಬ್‌ಸೈಟು ಈ ಟೋಕನ್ನಿನೊಳಗೆ ಕೈ ಹಾಕಿ ಸಹಿ ತೆಗೆದುಕೊಳ್ಳಬೇಕು. ಸಾಮಾನ್ಯವಾಗಿ ಯಾವ ಬ್ರೌಸರೂ ಒಂದು ವೆಬ್‌ಪುಟಕ್ಕೆ ಅಷ್ಟು ಸಲಿಗೆ ಕೊಡುವುದಿಲ್ಲ, ಕೊಡಲೂಬಾರದು. ಆದರೆ 1996ರಲ್ಲಿ ಮೈಕ್ರೋಸಾಫ್ಟ್ ಆಕ್ಟಿವ್‌ಎಕ್ಸ್ ಎಂಬ ಒಂದು ಏರ್ಪಾಡು ಮಾಡಿತ್ತು. ವೆಬ್‌ಪುಟ ಒಂದು ಪ್ರೋಗ್ರಾಮನ್ನು ನಿಮ್ಮ ಕಂಪ್ಯೂಟರಿಗೆ ಇಳಿಸಬಹುದು, ಅದು ವಿಂಡೋಸಿನ ಒಳಮನೆಯಲ್ಲೆಲ್ಲ ಓಡಾಡಬಹುದು. ಸಹಿಯೂ ಮಾಡಿಸಬಹುದು, ಕಳ್ಳತನವೂ ಮಾಡಿಸಬಹುದು. ಅದು ನಡೆಯುತ್ತಿದ್ದದ್ದು ಎಕ್ಸ್‌ಪ್ಲೋರರಿನಲ್ಲಿ ಮಾತ್ರ. ಇನ್ನು ಕೆಲವು ಸೈಟುಗಳು ಇದೇ ಕೆಲಸಕ್ಕೆ ಜಾವಾ ಆಪ್ಲೆಟ್ ಬಳಸಿದವು. ಅದಕ್ಕೆ ಬೇಕಾದ ಹಳೇ ಪ್ಲಗ್‌ಇನ್ ಬಾಗಿಲನ್ನು ಕ್ರೋಮ್ 2015ರ ಸೆಪ್ಟೆಂಬರಿನಲ್ಲಿ ಮುಚ್ಚಿತು, ಫೈರ್‌ಫಾಕ್ಸ್ 2017ರ ಮಾರ್ಚಿನಲ್ಲಿ. ಎಡ್ಜ್ ಆ ಬಾಗಿಲನ್ನು ಇಡಿಸಿಯೇ ಇರಲಿಲ್ಲ. ಅಂತೂ ಕಂಪ್ಯೂಟರ್ ಬಲ್ಲವರೆಲ್ಲ ಎಕ್ಸ್‌ಪ್ಲೋರರಿಗೆ ಹಿಡಿಶಾಪ ಹಾಕುತ್ತಿದ್ದ ಹೊತ್ತಿನಲ್ಲೇ, ಟೋಕನ್ ಹಿಡಿದವರಿಗೆ ಅದೊಂದೇ ಗತಿ ಎಂಬಂತಾಯಿತು.

ಟೆಂಡರ್ ಸಂಜೆಯ ವೈಭವವನ್ನು ನೀವು ನೋಡಬೇಕಿತ್ತು. ಸೈಟು ಯಾವುದು, ಇಲಾಖೆ ಯಾವುದು ಎಂದು ಕೇಳಬೇಡಿ, ಭಾವನಿಗೆ ಇನ್ನೂ ಬಿಲ್ ಬರುವುದಿದೆ. ಆ ಸೈಟಿನವರು ಕೊಟ್ಟ ಯೂಸರ್ ಮ್ಯಾನ್ಯುಯಲ್ಲಿನ ಚಿತ್ರಗಳಲ್ಲಿ ವಿಂಡೋಸ್ ಎಕ್ಸ್‌ಪಿಯ ಹಸಿರು ಸ್ಟಾರ್ಟ್ ಬಟನ್ನು. ಅದರ ಪ್ರಕಾರ ಟೂಲ್ಸ್, ಅಲ್ಲಿಂದ ಇಂಟರ್ನೆಟ್ ಆಪ್ಷನ್ಸ್, ಅಲ್ಲಿಂದ ಸೆಕ್ಯುರಿಟಿ, ಟ್ರಸ್ಟೆಡ್ ಸೈಟ್ಸಿನಲ್ಲಿ ವಿಳಾಸ ಸೇರಿಸು, ಕಸ್ಟಮ್ ಲೆವೆಲ್ ಒತ್ತು, ಆಕ್ಟಿವ್‌ಎಕ್ಸ್ ಅಂತ ಎಲ್ಲೆಲ್ಲಿ ಕಾಣುತ್ತದೋ ಅಲ್ಲೆಲ್ಲ ಎನೇಬಲ್. ಸುರಕ್ಷಿತ ಎಂದು ಗುರುತು ಹಾಕಿಲ್ಲದವಕ್ಕೂ ಎನೇಬಲ್. ಪಾಪ್‌ಅಪ್ ಬ್ಲಾಕರ್ ಆಫ್. ಪ್ರೊಟೆಕ್ಟೆಡ್ ಮೋಡ್ ಆಫ್. ಇಷ್ಟಾಗುವಾಗ ವಿಂಡೋಸೇ ಬಾಯಿಬಿಟ್ಟು ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ ಎಂದು ಕೂಗಿಕೊಳ್ಳುತ್ತದೆ. ‘ಕೂಗ್ಲಿ ಬಿಡು, ಓಕೆ ಒತ್ತು’ ಎನ್ನುತ್ತಿದ್ದರು ಭಾವ. ಮಾನಿಟರಿನ ಕೆಳ ಅಂಚಿಗೆ ಸೆಲೋಟೇಪಿನಲ್ಲಿ ಒಂದು ಚೀಟಿ: ‘ಜಾವಾ ಅಪ್‌ಡೇಟ್ ಕೇಳುತ್ತೆ. ಮಾಡಬಾರದು.’ ಬಾರದು ಎಂಬುದಕ್ಕೆ ಎರಡು ಗೀಟು. ಟೋಕನ್ನನ್ನು ಸಿಪಿಯು ಮುಂದಿನ ತೂತಿಗೆ ಹಾಕಿದರೆ ದೀಪ ಉರಿಯುತ್ತದೆ, ಸಹಿ ಸಿಗುವುದಿಲ್ಲ. ಹಿಂದಿನ ತೂತಿಗೇ ಹಾಕಬೇಕು, ಅದಕ್ಕೆ ಮೇಜಿನ ಕೆಳಗೆ ತೂರಬೇಕು, ತೂರುವವನು ಭಾಮೈದ. ‘ಸರ್ಟಿಫಿಕೇಟ್ ನಾಟ್ ಫೌಂಡ್’ ಬಂತೆಂದರೆ ಭಾವ ಮೇಲಿಂದ, ‘ಸರಿಯಾಗಿ ಒತ್ತಯ್ಯಾ, ನಾಲ್ಕೂವರೆಗೆ ಕ್ಲೋಸು, ಇಎಂಡಿ ಠೇವಣಿ ಕಟ್ಟಾಗಿದೆ!’ ಕೊನೆಗೆ ಪಿನ್ ಕೇಳುವ ಪುಟ್ಟ ಕಿಟಕಿ ತೆರೆದುಕೊಂಡಾಗ ಆ ಕೋಣೆಯಲ್ಲಿ ಆಗುತ್ತಿದ್ದ ಸಂಭ್ರಮ, ನಮ್ಮ ಪೈಕಿ ಯಾರ ಮದುವೆಯ ಮುಹೂರ್ತದಲ್ಲೂ ಆಗಿಲ್ಲ.

ಇಷ್ಟು ಪಾಡು ಪಟ್ಟು ಒಮ್ಮೆ ನಡೆಯುವಂತೆ ಮಾಡಿಕೊಂಡವನಿಗೆ ‘ಬದಲಾಯಿಸಿ’ ಎನ್ನುವುದು ನ್ಯಾಯವೇ? ನಾನು ಎಡ್ಜಿನ ಪರ ವಾದ ಮಾಡುತ್ತಲೇ ಇದ್ದೆ, ಒಳಗೊಳಗೇ ಭಾವನ ಪಕ್ಷಕ್ಕೆ ವಾಲುತ್ತಲೂ ಇದ್ದೆ. ಹೊರಗೆ ತೋರಿಸಿಕೊಳ್ಳಲಿಲ್ಲ. ಭಾವ–ಭಾಮೈದರ ಸಂಬಂಧಕ್ಕೆ ಅದು ಒಳ್ಳೆಯದಲ್ಲ.

ಅವರ ಬತ್ತಳಿಕೆಯಲ್ಲಿ ಇನ್ನೊಂದು ಬಾಣವಿತ್ತು, ಕನ್ನಡದ್ದು. ‘ಫೈರ್‌ಫಾಕ್ಸ್ ಫೈರ್‌ಫಾಕ್ಸ್ ಅಂತ ಕುಣೀತಿದ್ಯಲ್ಲ ಆಗ, ಅದರಲ್ಲಿ ಕನ್ನಡ ಪೇಪರ್ ಓದೋಕಾಗ್ತಿತ್ತಾ?’ ಆಗುತ್ತಿರಲಿಲ್ಲ. ಈ ಶತಮಾನದ ಮೊದಲ ವರ್ಷಗಳ ಮಾತು ಇದು. ಕನ್ನಡ ಪತ್ರಿಕೆಗಳ ತಾಣಗಳು ಯೂನಿಕೋಡಿಗೆ ಇನ್ನೂ ಬಂದಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಕುರ್ಚಿಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ತಮ್ಮದೇ ಫಾಂಟನ್ನು ಪುಟದ ಜೊತೆಯಲ್ಲೇ ಕಳಿಸುತ್ತಿದ್ದವು. ಹಾಗೆ ಬಂದ ಫಾಂಟನ್ನು ತೊಡಿಸಿ ತೋರಿಸುವ ಮೈಕ್ರೋಸಾಫ್ಟಿನ ಉಪಾಯ 1997ರ ಎಕ್ಸ್‌ಪ್ಲೋರರ್ 4ರಿಂದ ಇತ್ತು, ಫೈರ್‌ಫಾಕ್ಸಿಗೆ ಅದು ತಿಳಿಯದು. ಫಾಂಟಿಲ್ಲದ ಕಂಪ್ಯೂಟರಿನಲ್ಲಿ ನುಡಿ ಫೈಲು ತೆರೆದವರಿಗೆ ಈ ದೃಶ್ಯ ಗೊತ್ತಿರುತ್ತದೆ. ‘ಕನ್ನಡ’ ಎಂದು ಬರೆದಿದ್ದರೆ ‘ಕ’ ಇರಬೇಕಾದಲ್ಲಿ ಇಂಗ್ಲಿಷಿನ ‘ಪಿ’, ಪಕ್ಕದಲ್ಲಿ ತಲೆಯ ಮೇಲೆ ಗೀಟು ಹೊತ್ತ ‘ಎ’, ಆಮೇಲೆ ‘ನ’ ಜಾಗದಲ್ಲಿ ಸಾಕ್ಷಾತ್ ಬ್ರಿಟಿಷ್ ಪೌಂಡಿನ ಚಿಹ್ನೆ! ಬೆಳಗ್ಗೆದ್ದು ಪೇಪರ್ ತೆಗೆದರೆ ಮುಖಪುಟದ ತುಂಬ ಪೌಂಡು. ಇಲ್ಲಿರುವವರು ಬಿಡಿ, ಬಾಗಿಲಿಗೆ ಪೇಪರ್ ಬೀಳುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲೋ ದುಬೈಯಲ್ಲೋ ಕೂತು ಊರಿನ ಸುದ್ದಿಗೆ ಹಪಹಪಿಸುವ ಕನ್ನಡಿಗ ಏನು ಮಾಡಬೇಕು? ಬಾಯಿ ಮುಚ್ಚಿಕೊಂಡು ನೀಲಿ ‘ಇ’ ಒತ್ತಬೇಕು. ವಿಂಡೋಸ್ ಎಕ್ಸ್‌ಪಿಯ ಜೊತೆ ತುಂಗಾ ಫಾಂಟು ಬಂದು, ತಾಣಗಳೂ ಒಂದೊಂದಾಗಿ ಯೂನಿಕೋಡಿಗೆ ಬಂದ ಮೇಲೆ ಈ ಬಾಣ ಮೊಂಡಾಯಿತು. ಭಾವ ಮಾತ್ರ ಅದನ್ನು ಬತ್ತಳಿಕೆಯಿಂದ ತೆಗೆಯಲಿಲ್ಲ.

ಭಾವ ಒಬ್ಬರೇ ಹೀಗೆ ಎಂದುಕೊಂಡಿದ್ದರೆ, ದಕ್ಷಿಣ ಕೊರಿಯಾದ ಕಥೆ ಕೇಳಿ. ಒಂದು ದೇಶಕ್ಕೆ ದೇಶವೇ ಭಾವನ ಕಂಪ್ಯೂಟರಾಗಿತ್ತು. 1990ರ ದಶಕದಲ್ಲಿ ಬಲವಾದ ಗೂಢಲಿಪಿಯನ್ನು ಅಮೆರಿಕ ಹೊರದೇಶಗಳಿಗೆ ಸುಲಭವಾಗಿ ಬಿಡುತ್ತಿರಲಿಲ್ಲ. ಕೊರಿಯಾದವರು ಸೀಡ್ ಎಂಬ ತಮ್ಮದೇ ಗೂಢಲಿಪಿ ಮಾಡಿಕೊಂಡರು. ಅದು ಯಾವ ಬ್ರೌಸರಿಗೂ ಗೊತ್ತಿರಲಿಲ್ಲವಾಗಿ ಆಕ್ಟಿವ್‌ಎಕ್ಸ್ ಮೂಲಕ ತುರುಕಿದರು. ಬ್ಯಾಂಕು, ಅಂಗಡಿ, ಸರ್ಕಾರಿ ಕಚೇರಿ ಎಲ್ಲಕ್ಕೂ ಹೀಗೆ ನಡೆಯುವ ಡಿಜಿಟಲ್ ಸಹಿಯ ಸರ್ಟಿಫಿಕೇಟೇ ಬೇಕು. ಜಗತ್ತಿಗೇ ಅತಿ ವೇಗದ ಇಂಟರ್ನೆಟ್ ಇಟ್ಟುಕೊಂಡ ದೇಶ, ಓಡಿಸುವುದು ಎಕ್ಸ್‌ಪ್ಲೋರರಿನಲ್ಲಿ. 2014ರಲ್ಲಿ ಅಲ್ಲಿನ ‘ಮೈ ಲವ್ ಫ್ರಮ್ ದ ಸ್ಟಾರ್’ ಧಾರಾವಾಹಿ ಚೀನಾದಲ್ಲಿ ಹುಚ್ಚು ಹಿಡಿಸಿತು. ನಾಯಕಿ ತೊಟ್ಟ ಕೋಟು ನಮಗೂ ಬೇಕು ಎಂದು ಅಲ್ಲಿನ ಅಭಿಮಾನಿಗಳು ದುಡ್ಡು ಹಿಡಿದು ನಿಂತರೆ, ಕೊರಿಯಾದ ಅಂಗಡಿ ತಾಣಗಳಲ್ಲಿ ಈ ಸರ್ಟಿಫಿಕೇಟಿನ ತಾಪತ್ರಯದಿಂದ ಕೊಳ್ಳಲಾಗಲಿಲ್ಲ. ಅಧ್ಯಕ್ಷೆ ಪಾರ್ಕ್ ಗ್ಯೂನ್ ಹೇ ಅವರೇ ಒಂದು ಕೋಟಿನ ವಿಷಯವಾಗಿ ಸಭೆಯಲ್ಲಿ ಅಧಿಕಾರಿಗಳ ಮುಂದೆ ಬೇಸರ ತೋಡಿಕೊಳ್ಳಬೇಕಾಯಿತು. ಆ ಸರ್ಟಿಫಿಕೇಟಿನ ವಿಶೇಷ ಪಟ್ಟ ಇಳಿದದ್ದು 2020ರ ಡಿಸೆಂಬರಿನಲ್ಲಿ. ಎಕ್ಸ್‌ಪ್ಲೋರರ್ ಸತ್ತ ಮೇಲೆ ಗ್ಯೋಂಗ್ಜು ಊರಿನ ಒಂದು ಕೆಫೆಯಲ್ಲಿ ಇಂಜಿನಿಯರನೊಬ್ಬ ಅದಕ್ಕೆ ಸಮಾಧಿಕಲ್ಲನ್ನೂ ನೆಡಿಸಿದ. ಬೇರೆ ಬ್ರೌಸರುಗಳನ್ನು ಇಳಿಸಿಕೊಳ್ಳಲು ಒಳ್ಳೆಯ ಸಾಧನವಾಗಿತ್ತು ಎಂಬ ಅರ್ಥದ ಶ್ರದ್ಧಾಂಜಲಿಯೂ ಕಲ್ಲಿನ ಮೇಲಿದೆ.

ಇದನ್ನೆಲ್ಲ ನಾನು ಭಾವನಿಗೆ ಬುದ್ಧಿ ಬರಲೆಂದು ಹೇಳಿದರೆ, ಅವರು ಅಕ್ಕನನ್ನು ಕೂಗಿ, ‘ಕೇಳಿಸ್ತೇನೇ? ಕೊರಿಯಾದವರೂ ನಾನೂ ಒಂದೇ ಥರ ಯೋಚನೆ ಮಾಡೋದು’ ಎಂದರು. ಅಕ್ಕ, ‘ಅವರಿಗೆ ಕಲ್ಲು ನೆಡೋದಾದ್ರೂ ಗೊತ್ತಾಯ್ತು’ ಎಂದಳು.

ಹಳೆಯದೋ ಹೊಸದೋ ಎಂಬ ಈ ಜಗಳವೇ ಪೊಳ್ಳು ಎಂದು ನನಗೆ ಅನ್ನಿಸಿದ್ದು ಬ್ರೌಸರುಗಳ ಪ್ರವರ ಕೇಳಿದ ಮೇಲೆ. ಉಪನಯನದಲ್ಲಿ ವಟು ಹಿರಿಯರ ಮುಂದೆ ಕಿವಿ ಹಿಡಿದು ನಿಂತು ಋಷಿಗಳ ಹೆಸರು, ಗೋತ್ರ, ಸೂತ್ರ, ಶಾಖೆ ಎಲ್ಲ ಒದರಿ ಕೊನೆಗೆ ತನ್ನ ಹೆಸರು ಹೇಳುತ್ತಾನಲ್ಲ, ಬ್ರೌಸರೂ ಪ್ರತಿ ವೆಬ್‌ಸೈಟಿನ ಬಾಗಿಲಲ್ಲಿ ಹಾಗೇ ಒಂದು ಅಭಿವಾದನ ಒಪ್ಪಿಸುತ್ತದೆ. ಯೂಸರ್ ಏಜೆಂಟ್ ಎನ್ನುತ್ತಾರೆ. ಇವತ್ತಿನ ಎಡ್ಜ್ ಒಪ್ಪಿಸುವುದು ಹೀಗಿರುತ್ತದೆ: ಮೊಝಿಲ್ಲಾ 5.0, ಆಪಲ್ ವೆಬ್‌ಕಿಟ್ 537.36, ಕೆಎಚ್‌ಟಿಎಂಎಲ್, ಗೆಕ್ಕೊ ತರಹದವನು, ಕ್ರೋಮ್, ಸಫಾರಿ, ಎಡ್ಜ್ ಅಹಮಸ್ಮಿ ಭೋ! ನಾನು ಇದರಲ್ಲಿ ಸೇರಿಸಿದ್ದು ‘ಅಹಮಸ್ಮಿ ಭೋ’ ಮಾತ್ರ.

ಮೂಲಪುರುಷ ಮೊಝಿಲ್ಲಾ ಎಂದರೆ 1994ರ ನೆಟ್‌ಸ್ಕೇಪಿನ ಮನೆಯ ಹೆಸರು. ಆಗ ವೆಬ್‌ಸೈಟುಗಳು ಬಾಗಿಲಲ್ಲಿ ನಿಂತವನು ಮೊಝಿಲ್ಲಾ ಎಂದರೆ ಚೆಂದದ ಪುಟ ಬಡಿಸುತ್ತಿದ್ದವು, ಅಲ್ಲದಿದ್ದರೆ ತಂಗಳು. ಎಕ್ಸ್‌ಪ್ಲೋರರ್ ಹಿಂದೆಮುಂದೆ ನೋಡದೆ ‘ನಾನೂ ಮೊಝಿಲ್ಲಾನೇ’ ಎಂದು ಪಂಕ್ತಿಯಲ್ಲಿ ಕೂತಿತು. ಆ ಹೆಸರು ಪೂರ್ತಿ ಸುಳ್ಳೂ ಅಲ್ಲ. ಎರಡರ ಬೇರೂ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಹುಟ್ಟಿದ ಮೊಸಾಯಿಕ್‌ನಲ್ಲೇ. ನೆಟ್‌ಸ್ಕೇಪ್ ಕಟ್ಟಿದ್ದು ಮೊಸಾಯಿಕ್ ಬರೆದ ಹುಡುಗರು. ಎಕ್ಸ್‌ಪ್ಲೋರರನ್ನು ಮೈಕ್ರೋಸಾಫ್ಟ್ ಕಟ್ಟಿದ್ದು ಸ್ಪೈಗ್ಲಾಸ್ ಎಂಬ ಕಂಪನಿಯಿಂದ ಮೊಸಾಯಿಕಿನ ಲೈಸೆನ್ಸ್ ಪಡೆದು. ಮಾರಾಟದಲ್ಲಿ ಪಾಲು ಕೊಡುತ್ತೇವೆ ಎಂದವರು ಬ್ರೌಸರನ್ನು ಪುಕ್ಕಟೆ ಹಂಚಿಬಿಟ್ಟರು. ಪುಕ್ಕಟೆಯಲ್ಲಿ ಪಾಲು ಎಷ್ಟಾದೀತು? 1997ರಲ್ಲಿ 80 ಲಕ್ಷ ಡಾಲರಿಗೆ ರಾಜಿಯಾಯಿತು. ನಮ್ಮ ಕಡೆಯ ದಾಯಾದಿಗಳು ಇದನ್ನು ಓದಬೇಕು.

ಎಕ್ಸ್‌ಪ್ಲೋರರಿನ ಕೊನೆಗಾಲ ಇನ್ನೂ ತಮಾಷೆ. 2013ರ 11ನೆಯ ಆವೃತ್ತಿಯ ಹೊತ್ತಿಗೆ ಅದರ ಹೆಸರು ಎಷ್ಟು ಕೆಟ್ಟಿತ್ತೆಂದರೆ, ಪ್ರವರದಿಂದ ತನ್ನ ಹೆಸರನ್ನೇ ತೆಗೆದುಹಾಕಿ ‘ಗೆಕ್ಕೊ ತರಹದವನು’ ಎಂದು ಹೇಳಿಕೊಳ್ಳತೊಡಗಿತು. ಗೆಕ್ಕೊ ಎಂದರೆ ಫೈರ್‌ಫಾಕ್ಸಿನ ಎಂಜಿನ್. ಇದರ ಫಲ ಉಂಡವರು ನಮ್ಮ ಭಾವ. ಟೆಂಡರ್ ಸೈಟು ಬಾಗಿಲಲ್ಲಿ ಹಳೇ ಹೆಸರನ್ನೇ ಹುಡುಕುತ್ತಿತ್ತು. ಎಕ್ಸ್‌ಪ್ಲೋರರಿನಲ್ಲೇ ತೆರೆದರೂ, ‘ದಯವಿಟ್ಟು ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಳಸಿ’ ಎಂದು ಹೊರಗೆ ನಿಲ್ಲಿಸಿತು! ಕಂಪ್ಯಾಟಿಬಿಲಿಟಿ ವ್ಯೂ ಎಂಬ ಪಟ್ಟಿಗೆ ಸೈಟಿನ ಹೆಸರು ಸೇರಿಸಿದರೆ ಮತ್ತೆ ಹಳೇ ಹೆಸರು ಹೇಳುತ್ತದೆ, ಒಳಗೆ ಬಿಡುತ್ತಾರೆ. ಮ್ಯಾನ್ಯುಯಲ್ಲಿನಲ್ಲಿ ಆ ಪಟ್ಟಿಯ ಸುತ್ತ ಕೆಂಪು ಬಣ್ಣದ ವೃತ್ತ ಎಳೆದದ್ದು ಸುಮ್ಮನೆ ಅಲ್ಲ.

ಹೊಸಬ ಎಡ್ಜಾದರೂ ಸ್ವಂತ ಕುಲದವನೇ? ಸ್ವಂತ ಎಂಜಿನ್ ಇಟ್ಟುಕೊಂಡು ಮೂರ್ನಾಲ್ಕು ವರ್ಷ ಏಗಿ, ಸಾಕಾಗಿ, 2020ರ ಜನವರಿಯಲ್ಲಿ ಕ್ರೋಮಿನ ಎಂಜಿನ್ನನ್ನೇ ತೊಟ್ಟುಕೊಂಡು ಬಂದ. ಕ್ರೋಮ್ ಅದನ್ನು ಆಪಲ್ಲಿನ ವೆಬ್‌ಕಿಟ್ಟಿನಿಂದ ಪಡೆದದ್ದು, ಆಪಲ್ ಅದನ್ನು ಕೆಡಿಇ ಎಂಬ ಲಿನಕ್ಸ್ ಬಳಗದವರು ಪುಕ್ಕಟೆಯಾಗಿ ಬರೆದಿದ್ದ ಕೆಎಚ್‌ಟಿಎಂಎಲ್‌ನಿಂದ. ಪ್ರವರದಲ್ಲಿ ಇಷ್ಟು ಜನರ ಹೆಸರು ಬರುವುದು ಅದಕ್ಕೇ. ಹಳೇ ಎಡ್ಜ್ ಎಂದು ಯಾರೂ ತಪ್ಪು ತಿಳಿಯದಿರಲಿ ಎಂದು ಹೊಸ ಎಡ್ಜ್ ತನ್ನ ಹೆಸರಿನ ಕೊನೆಯ ಇಂಗ್ಲಿಷ್ ಅಕ್ಷರವೊಂದನ್ನು ಬಿಟ್ಟು ಹೇಳುತ್ತದೆ. ಬಿಟ್ಟ ಅಕ್ಷರ ಯಾವುದು ಹೇಳಿ? ‘ಇ’!

2022ರ ಜೂನ್ 15ಕ್ಕೆ ಎಕ್ಸ್‌ಪ್ಲೋರರ್ ನಿವೃತ್ತಿ ಎಂದು ಟಿವಿಯಲ್ಲೆಲ್ಲ ಬಂತು. 1995ರ ಆಗಸ್ಟಿನಲ್ಲಿ ಹುಟ್ಟಿದ್ದು, ಒಂದು ಕಾಲಕ್ಕೆ ಜಗತ್ತಿನ 100ಕ್ಕೆ 90ಕ್ಕೂ ಹೆಚ್ಚು ಕಂಪ್ಯೂಟರುಗಳಲ್ಲಿ ದರ್ಬಾರು ಮಾಡಿದ್ದು. ಭಾವ ಮರುದಿನ ಬೆಳಗ್ಗೆ ಮೂಲೆಯ ‘ಇ’ ಒತ್ತಿದರು, ತೆರೆಯಿತು. ‘ಟಿವಿಯವರ ಮಾತು!’ ಎಂದು ಕಾಫಿ ಕುಡಿದರು. ಅವರ ವಿಜಯೋತ್ಸವ ಎಂಟು ತಿಂಗಳು ನಡೆಯಿತು. 2023ರ ಫೆಬ್ರವರಿ 14ರಂದು ಮೈಕ್ರೋಸಾಫ್ಟ್ ಕಳಿಸಿದ ಅಪ್‌ಡೇಟಿನ ನಂತರ ಎಕ್ಸ್‌ಪ್ಲೋರರ್ ಒತ್ತಿದರೆ ಎದ್ದು ಬರುವುದು ಎಡ್ಜ್. ‘ಪ್ರೇಮಿಗಳ ದಿನ ನೋಡ್ಕೊಂಡೇ ಕೈ ಕೊಟ್ಟಿದೆ ನಿಮಗೆ’ ಎಂದಳು ಅಕ್ಕ. ಭಾವ ಗಂಭೀರವಾಗಿ, ‘ನಾನು ಬದಲಾಯಿಸಿಲ್ಲ. ಅದೇ ಬದಲಾಗಿದೆ. ಇದನ್ನ ಎಲ್ಲರೂ ಗಮನಿಸಬೇಕು’ ಎಂದರು.

ಟೆಂಡರ್ ಸೈಟು ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು. ನಾನು ಎಡ್ಜಿನ ಸೆಟ್ಟಿಂಗ್ಸಿಗೆ ಹೋಗಿ ಐಇ ಮೋಡ್ ಹಾಕಿಕೊಟ್ಟೆ. ಎಡ್ಜಿನ ಹೊಟ್ಟೆಯೊಳಗೆ ಎಕ್ಸ್‌ಪ್ಲೋರರಿನ ಹಳೇ ಎಂಜಿನ್ನನ್ನೇ ಓಡಿಸುವ ಏರ್ಪಾಡು ಅದು. ಕಡೇಪಕ್ಷ 2029ರವರೆಗೆ ಇಡುತ್ತೇವೆ ಎಂದು ಕಂಪನಿಯೇ ಮಾತು ಕೊಟ್ಟಿದೆ. ಪುಟ ತೆರೆಯಿತು, ವಿಳಾಸದ ಪಟ್ಟಿಯ ಎಡಗಡೆ ಸಾಸಿವೆಯಷ್ಟು ದೊಡ್ಡದೊಂದು ನೀಲಿ ‘ಇ’ ಮೂಡಿತು. ಭಾವ ಕನ್ನಡಕ ಏರಿಸಿ, ಮಾನಿಟರಿಗೆ ಮೂಗು ತಾಗಿಸಿ ನೋಡಿದರು. ‘ಇಲ್ಲೇ ಇದೆಯಲ್ಲೋ! ಸತ್ತಿದೆ ಅಂದವರ‍್ಯಾರು?’

ಒಂದೇ ಕಿರಿಕಿರಿ. ಹೀಗೆ ನಾವೇ ಸೇರಿಸಿದ ಸೈಟಿನ ಹೆಸರು 30 ದಿನಕ್ಕೆ ಪಟ್ಟಿಯಿಂದ ಬಿದ್ದುಹೋಗುತ್ತದೆ, ಮತ್ತೆ ಸೇರಿಸಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಬುಕ್ಕಿಂಗಿನ ಗುರುತಿನ ಪಕ್ಕ ಈಗ ತಿಂಗಳಿಗೊಂದು ‘ಇ’ ಇರುತ್ತದೆ. ಒಂದು ಏಕಾದಶಿಯಾದರೂ ತಪ್ಪಬಹುದು, ಅದು ತಪ್ಪದು.

ಮೊನ್ನೆ ಆಫೀಸಿಗೆ ಹೊಸದಾಗಿ ಸೇರಿದ ಹುಡುಗ ಈ ಎಲ್ಲ ಪೂಜೆಯನ್ನು ನೋಡಿ ತಡೆಯಲಾರದೆ, ‘ಸಾರ್, ಕ್ರೋಮ್ ಹಾಕ್ಬಿಡ್ಲಾ?’ ಎಂದ. ಭಾವ ನನ್ನ ಕಡೆ ಕೈ ತೋರಿಸಿದರು.

‘ಎರಡೂ ಒಂದೇ ಗೋತ್ರ ಅಂತ ಇವನೇ ಹೇಳಿದಾನೆ. ಸಗೋತ್ರದಲ್ಲಿ ಸಂಬಂಧ ನೋಡೋ ಹಾಗಿಲ್ಲ.’

ಹುಡುಗ ತಲೆ ಕೆರೆದುಕೊಂಡ. ‘ಹಂಗಾದ್ರೆ ಫೈರ್‌ಫಾಕ್ಸ್ ಹಾಕ್ಲಾ? ಅದು ಬೇರೆ ಸಾರ್.’

‘ಹಾಕು ಮಾರಾಯಾ, ನನ್ನದೇನೂ ಅಭ್ಯಂತರ ಇಲ್ಲ. ಗುರುವಾರ ಚರಂಡಿ ಟೆಂಡರ್ ಇದೆ, ತೆಗೀತದಾ ಕೇಳು ಮೊದಲು.’